ಟೈಪಿಂಗ್ ಅಕ್ಕೋರು ಮತ್ತು ನನ್ನ ಲ್ಯಾಪ್‌ಟಾಪು

ಅಕ್ಕೋರ ಎಡಗೈಯ ಕಿರುಬೆರಳು ನಡುಗಂಟಿನಿಂದ ಒಳಕ್ಕೆ ಬಾಗಿತ್ತು. ಚಿಕ್ಕಂದಿನಲ್ಲಿ ಹಿರೇಗುತ್ತಿಯ ಮನೆಯ ಬಾಗಿಲ ಸಂದಿಗೆ ಸಿಕ್ಕಿ ಮುರಿದದ್ದಂತೆ. ಕಟ್ಟಿದ ಕಟ್ಟು ಬಿಚ್ಚಿ ನೋಡಿದರೆ ಬೆರಳು ಸೊಟ್ಟಗೆ ಕೂಡಿಕೊಂಡಿತ್ತಂತೆ. ಟೈಪಿಂಗಿನಲ್ಲಿ ಇಂಗ್ಲಿಷಿನ ಎ ಅಕ್ಷರ ಆ ಕಿರುಬೆರಳಿನ ಪಾಲಿಗೇ ಬರುತ್ತದೆ. ಎ ಇಲ್ಲದೆ ಒಂದು ಸಾಲೂ ಮುಗಿಯುವುದಿಲ್ಲ. ಅವರು ಹುಡುಗಿಯಾಗಿ ಕಲಿಯಲು ಹೋದಾಗ ಅಲ್ಲಿನ ಮಾಸ್ತರು ಆ ಬೆರಳನ್ನೊಮ್ಮೆ ನೋಡಿ, ಹೊಲಿಗೆ ಕಲಿತರೆ ಆಗುತ್ತಿತ್ತಲ್ಲ ಎಂದಿದ್ದರಂತೆ. ನಾನು ನೋಡುವ ಕಾಲಕ್ಕೆ ಆ ಬೆರಳು, ಉಪ್ಪುನೀರು ನಿಂತ ಗಜನಿ ಗದ್ದೆಯಲ್ಲಿ ಬೆಳ್ಳಕ್ಕಿ ನೀರಿಗೆ ಕೊಕ್ಕು ಇಳಿಸಿದ ಹಾಗೆ, ಸರಕ್ಕನೆ ಬಿದ್ದು ಸರಕ್ಕನೆ ಏಳುತ್ತಿತ್ತು. ಉಳಿದ ಒಂಬತ್ತು ಬೆರಳುಗಳಿಗಿಂತ ಅದರ ಮೇಲೇ ಅವರಿಗೆ ಪ್ರೀತಿ ಹೆಚ್ಚು. ಮಾತಾಡುವಾಗ ಬಲಗೈಯಿಂದ ಅದನ್ನು ಸವರುತ್ತಲೇ ಇರುತ್ತಿದ್ದರು.

ಹೊನ್ನಾವರದ ಬಸ್‌ಸ್ಟ್ಯಾಂಡಿನ ಹಿಂದೆ, ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಅವರ ಟೈಪಿಂಗ್ ಕ್ಲಾಸು. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ಹಾಗಾಗಿ ಅವರು ಇಡೀ ಪೇಟೆಗೆ ಟೈಪಿಂಗ್ ಅಕ್ಕೋರು. ಮದುವೆಯಾಗಿರಲಿಲ್ಲ. ಏಕೆ ಎಂದು ಕೇಳುವ ಧೈರ್ಯ ನಮಗಿರಲಿಲ್ಲ, ಕೇಳಿದ ಹೆಂಗಸರಿಗೆ ಅವರು, “ಬಂದವ್ರಿಗೆಲ್ಲ ನನ್ನ ಮಿಷನ್ನಿನ ಸದ್ದು ಹಿಡಿಸ್ಲಿಲ್ಲ” ಎಂದು ನಗುತ್ತಿದ್ದರು. ತಲೆಯಲ್ಲಿ ಅಬ್ಬಲಿಗೆ ಹೂವಿನ ತುಂಡು ದಂಡೆ, ಕೈಯಲ್ಲಿ ಉದ್ದ ಕೊಡೆ, ಕಾಟನ್ ಸೀರೆ. ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಮೊದಲು ಕ್ಲಾಸಿನಲ್ಲಿ ಯಾರಿದ್ದರೂ ಸರಿ, “ಉಂಡ್ಯಾ?” ಎಂದು ಕೇಳಲೇಬೇಕು. ಸುಳ್ಳು ಹೇಳಿದರೆ ಅವರಿಗೆ ಗೊತ್ತಾಗುತ್ತಿತ್ತು. ಹಸಿದವರ ಬೆರಳು ಕೀಲಿಯ ಮೇಲೆ ಜಾರುತ್ತದೆ ಎನ್ನುತ್ತಿದ್ದರು.

ಒಂದು ಕಾಲದಲ್ಲಿ ಆ ಮಾಳಿಗೆ ತುಂಬಿ ತುಳುಕುತ್ತಿತ್ತಂತೆ. ಕೋರ್ಟು, ತಾಲೂಕು ಕಚೇರಿ, ಬ್ಯಾಂಕು ಎಂದು ಕನಸು ಕಾಣುವ ಹುಡುಗ ಹುಡುಗಿಯರು ಭಟ್ಕಳದಿಂದಲೂ ಕುಮಟಾದಿಂದಲೂ ಬರುತ್ತಿದ್ದರು. ಆಮೇಲೆ ಊರಿಗೆ ಕಂಪ್ಯೂಟರು ಬಂತು. ಅಕ್ಕೋರ ತಮ್ಮ ಹೇಳಿದ, ಗೆಳತಿಯರು ಹೇಳಿದರು, ಕಂಪ್ಯೂಟರು ತರಿಸು ಎಂದು. ಅಕ್ಕೋರು ಇನ್ನೊಂದು ವರ್ಷ ನೋಡುವ ಎಂದರು, ರೇಟು ಇಳಿಯಲಿ ಎಂದರು, ಮತ್ತೂ ಒಂದು ವರ್ಷ ನೋಡಿದರು. ಅಷ್ಟರಲ್ಲಿ ಎದುರು ಸಾಲಿನಲ್ಲಿ ಬಣ್ಣದ ಬೋರ್ಡಿನ ಕಂಪ್ಯೂಟರ್ ಸೆಂಟರು ತೆರೆಯಿತು. ಮಾಳಿಗೆಯ ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳು ಕಡಿಮೆಯಾಗುತ್ತ ಬಂದವು. ಕೊನೆಗೆ ಅವರೂ ಕಂಪ್ಯೂಟರು ತಂದರು, ಆದರೆ ಹೋದವರು ತಿರುಗಿ ಬರಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಸೇರಿದ್ದು ಆ ಇಳಿಗಾಲದಲ್ಲಿ. ಮಾವಳ್ಳಿಯಿಂದ ಹೊನ್ನಾವರಕ್ಕೆ ದಿನಾ ಕಾಲೇಜಿಗೆ ಬರುತ್ತಿದ್ದೆ. ಸಂಜೆ ಬಸ್ಸಿಗೆ ಹೊತ್ತಿದ್ದುದರಿಂದ ಅಪ್ಪನೇ ಕರೆದುಕೊಂಡು ಹೋಗಿ ಸೇರಿಸಿದ.

ಅಪ್ಪ ಬೋಟಿನ ಡ್ರೈವರು. ಹೊನ್ನಾವರ ಬಂದರಿನ ಒಂದು ಟ್ರಾಲ್ ಬೋಟಿನಲ್ಲಿ ಚುಕ್ಕಾಣಿ ಹಿಡಿಯುವುದು ಅವನ ಕೆಲಸ. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಮರಳದಿಬ್ಬ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಅಲ್ಲಿಂದ ಬೋಟನ್ನು ಒಳಗೆ ತರುವ ಹೊತ್ತಿಗೆ ಅಪ್ಪನ ಬಾಯಲ್ಲಿ ಮಾತೇ ಇರುತ್ತಿರಲಿಲ್ಲ ಎಂದು ಅವನ ಜೊತೆಯವರು ಹೇಳುತ್ತಿದ್ದರು.

ಪಿಯುಸಿ ಮುಗಿದು ನನಗೆ ಹೊನ್ನಾವರದಲ್ಲೇ ಬಿಸಿಎ ಸೀಟು ಸಿಕ್ಕಿತು. ಆಗ ಶುರುವಾದದ್ದು ಲ್ಯಾಪ್‌ಟಾಪಿನ ಮಾತು. ನಮ್ಮ ಜಗಲಿಯಲ್ಲಿ ಆ ಜೂನ್ ತಿಂಗಳಿಡೀ ಬೇರೆ ಸುದ್ದಿಯಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧವಾದ್ದರಿಂದ ಅಪ್ಪನೂ ಮನೆಯಲ್ಲಿಯೇ ಇದ್ದ.

“ಮೊದಲ್ನೇ ವರ್ಷ ಕಾಲೇಜಿನಲ್ಲೇ ಕಂಪ್ಯೂಟರ್ ಇರ್ತದಂತೆ. ಎರಡನೇ ವರ್ಷಕ್ಕೆ ನೋಡ್ವ” ಎಂದಳು ಅಮ್ಮ.

ಶಿರಾಲಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಚಿಕ್ಕಪ್ಪ, “ಈಗ ಎಂತಕ್ಕೆ ಅವಸರ? ದೀಪಾವಳಿಗೆ ಆಫರ್ ಬತ್ತದೆ. ಹೊಸ ಮಾಡೆಲ್ಲೂ ಬತ್ತದೆ” ಎಂದ.

ನನಗೆ ಈಗಲೇ ಬೇಕಿತ್ತು. ಸೀಟು ಸಿಕ್ಕಿದ ಹುಡುಗಿಯರು ಬೆನ್ನಿಗೆ ಹೊಸ ಬ್ಯಾಗು ಹಾಕಿಕೊಂಡು ಫೋಟೋ ಕಳಿಸುತ್ತಿದ್ದರು. ಆ ಬ್ಯಾಗಿನೊಳಗೆ ಏನಿದೆ ಎಂದು ಅದರ ಚಪ್ಪಟೆ ಆಕಾರವೇ ಹೇಳುತ್ತಿತ್ತು. ಲ್ಯಾಪ್‌ಟಾಪ್ ಇಲ್ಲದೆ ಮೊದಲ ದಿನ ಹೋದರೆ ನಾನು ಕೊನೆಯ ಬೆಂಚಿನವಳಾಗಿಬಿಡುತ್ತೇನೆ ಎಂಬ ಹೆದರಿಕೆ ನನ್ನದು.

ಎಲ್ಲರಿಗೂ ಆಶ್ಚರ್ಯವಾದದ್ದು ಅಪ್ಪನ ಮಾತು. ಹರಿದ ಚಪ್ಪಲಿಯನ್ನು ದಾರ ಕಟ್ಟಿ ಮತ್ತೊಂದು ಮಳೆಗಾಲ ಸಾಗಿಸುವವನು ಅವನು. ಅಂಥವನು, “ಇಲ್ಲ. ತೆಗೆಯೂದಾದ್ರೆ ಈಗ್ಲೇ. ಮುಂದಿನ ವರ್ಷದ ಮಾತು ಬೇಡ” ಎಂದು ಕೂತುಬಿಟ್ಟ. ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅಮ್ಮನೇ ಒಂದು ದಾರಿ ಹೇಳಿದಳು: “ಹಾಂಗಾರೆ ಟೈಪಿಂಗ್ ಅಕ್ಕೋರನ್ನ ಒಂದ್ ಮಾತು ಕೇಳ್ಕಂಡು ಬನ್ನಿ. ಅವ್ರು ಈಗ್ಲೇ ಅಂದ್ರೆ ಈಗ್ಲೇ. ತಡಿ ಅಂದ್ರೆ ತಡಿ.” ಅಪ್ಪ ಒಪ್ಪಿದ. ನನಗೆ ಒಳಗೊಳಗೇ ಖುಷಿ. ತಡಮಾಡಿ ಕೈ ಸುಟ್ಟುಕೊಂಡವರು ಅಕ್ಕೋರು. ಅವರು ಮತ್ತೇನು ಹೇಳುತ್ತಾರೆ, ಈಗಲೇ ತೆಗೆ ಎನ್ನುತ್ತಾರೆ, ಅಷ್ಟೆ.

ಮರುದಿನ ಅಪ್ಪನೂ ನಾನೂ ಮಾಳಿಗೆ ಹತ್ತಿದೆವು. ಅಪ್ಪ ಒಳಗೆ ಬರುವಾಗ ಅವನ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. “ಸಣ್ಣ ಬಾಗ್ಲು” ಎಂದು ನಕ್ಕ. ಅಕ್ಕೋರು ಅವನಿಗೆ ಕುರ್ಚಿ ಕೊಟ್ಟು, ಕೆಳಗಿನ ಹೋಟೆಲಿನಿಂದ ಚಹಾ ತರಿಸಿದರು. ಅಪ್ಪ ಪೇಟೆಯ ಅಂಗಡಿಯಿಂದ ತಂದಿದ್ದ ಜಾಹೀರಾತಿನ ಹಾಳೆಯನ್ನು ಬಿಡಿಸಿ, ಸಣ್ಣಕ್ಷರಗಳನ್ನೂ ಬಿಡದೆ ಓದಿ ತೋರಿಸಿದ. ಅಕ್ಕೋರು ಕೇಳಿಸಿಕೊಂಡರು. ಆದರೆ ಅವರ ಕಣ್ಣು ಹಾಳೆಯ ಮೇಲಿರಲಿಲ್ಲ, ಅಪ್ಪನ ಮೇಲಿತ್ತು. ಚಹಾದ ಗ್ಲಾಸು ಅವನ ಎಡಪಕ್ಕದ ಮೇಜಿನ ಮೇಲಿತ್ತು. ಅಪ್ಪ ಅದನ್ನು ಮುಟ್ಟಲೇ ಇಲ್ಲ.

“ಚಾ ತಗಳ್ಳಿ, ಆರ್ತದೆ” ಎಂದರು ಅಕ್ಕೋರು.

“ಓ, ಬಂದದ್ಯಾ?” ಎಂದ ಅಪ್ಪ, ಮೇಜಿನ ಮೇಲೆ ಕೈಯಾಡಿಸಿ ಗ್ಲಾಸನ್ನು ಹಿಡಿದುಕೊಂಡ. ಆಮೇಲೆ ಕೇಳಿದ, “ಹೇಳಿ ಅಕ್ಕೋರೆ, ಈಗ ತೆಗೆಯೂದಾ, ತಡೆಯೂದಾ?”

ಅಕ್ಕೋರು ಸ್ವಲ್ಪ ಹೊತ್ತು ಬೆರಳು ಸವರುತ್ತ ಕೂತರು. “ಒಂದ್ ವಾರ ತಡೀರಿ. ನಾನು ವಿಚಾರ ಮಾಡಿ ಹೇಳ್ತೆ” ಎಂದರು. ನನ್ನ ಮುಖ ಸಣ್ಣಗಾಯಿತು. ಹೊರಡುವಾಗ ಅವರು ಅಪ್ಪನ ಜೊತೆಗೇ ಮೆಟ್ಟಿಲ ತುದಿಯವರೆಗೆ ಬಂದರು. ಅಪ್ಪ ಪ್ರತಿ ಮೆಟ್ಟಿಲನ್ನೂ ಪಾದದಿಂದ ತಡವಿ ಇಳಿಯುವುದನ್ನು ನೋಡುತ್ತ ನಿಂತರು. ನನಗೆ ಮಾತ್ರ, “ತಂಗಿ, ನಾಳೆ ನೀನೊಬ್ಳೇ ಬಾ” ಎಂದರು.

ಮರುದಿನ ಹೋದಾಗ ಅವರು ನನ್ನನ್ನು ಮಿಷನ್ನಿನ ಮುಂದೆ ಕೂರಿಸಲಿಲ್ಲ. ಕಿಟಕಿಯ ಹತ್ತಿರದ ಬೆಂಚಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡರು.

“ನಿನ್ ಅಪ್ಪಂಗೆ ಕಣ್ಣು ಸರಿ ಕಾಣ್ತದ್ಯಾ?”

“ಕಾಣ್ತದೆ ಅಕ್ಕೋರೆ. ಕನ್ನಡಕ ಇಲ್ಲದೆ ಪೇಪರ್ ಓದ್ತ. ನಿನ್ನೆ ನೀವೇ ನೋಡಿದ್ರಲ್ಲ.”

“ನೋಡ್ದೆ. ಎದುರಿಗಿದ್ದದ್ದು ಕಾಣ್ತದೆ. ಬದೀದು? ಬಾಗ್ಲಿಗೆ ಭುಜ ಬಡೀತು. ಚಾ ತಂದಿಟ್ಟದ್ದು ಗೊತ್ತಾಗ್ಲಿಲ್ಲ. ಮೆಟ್ಲು ಕಾಲಿಂದ ಹುಡುಕ್ತಿದ್ರು.” ಅಕ್ಕೋರು ನನ್ನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. “ನನ್ನ ಹೆತ್ತ ಆಯಿಗೂ ಹೀಗೇ ಆಗಿತ್ತು. ಹಿರೇಗುತ್ತಿ ಮನೇಲಿ ಕೂತು ದಿನಾ ಪುರಾಣ ಓದ್ತಿತ್ತು. ಓದುವವ್ರಿಗೆ ಕಣ್ಣು ಹೋಗ್ತಾ ಅದೆ ಅಂತ ಯಾರು ಎಣಿಸ್ತ್ರು? ಬಾಗ್ಲಿಗೆ ತಾಗಿದ್ರೆ ವಯಸ್ಸಾತು ಅಂದ್ವಿ. ಒಂದಿನ ಆಯಿ ಹೇಳ್ತು, ಮಗಾ, ಕೊಳವೆ ಒಳಗಿಂದ ನೋಡ್ದಾಂಗೆ ಆತದೆ ಅಂತ. ನಂಗೆ ಆಗ ಕ್ಲಾಸು ತುಂಬಿ ಹೋಗಿತ್ತು. ಮಕ್ಕಳ ಪರೀಕ್ಷೆ ಮುಗೀಲಿ ಆಯಿ, ಡಾಕ್ಟ್ರ ಹತ್ರ ಹೋಗ್ವ ಅಂದೆ. ಒಂದು ಪರೀಕ್ಷೆ ಮುಗೀತು, ಇನ್ನೊಂದು ಬಂತು. ಹೋದಾಗ ಡಾಕ್ಟ್ರು ಕಣ್ಣಿನ ಒತ್ತಡ ಅಂದ್ರು, ನರ ಒಣಗಿ ಹೋಗದೆ ಅಂದ್ರು. ಆಯಿ ಆಮೇಲೆ ಎಂಟು ವರ್ಷ ಇತ್ತು. ನನ್ನ ಮುಖ ಕಾಣ್ಲಿಲ್ಲ.”

ಕೆಳಗೆ ಬಸ್ಸಿನವರು ಕುಮಟಾ, ಕುಮಟಾ ಎಂದು ಕೂಗುತ್ತಿದ್ದರು.

“ಎಲ್ಲರೂ ನಾನು ಕಂಪ್ಯೂಟರ್ ತರೂಕೆ ತಡ ಮಾಡಿ ಹಾಳಾದೆ ಅಂತ್ರು” ಎಂದರು ಅಕ್ಕೋರು. “ಅದರಿಂದ ಎಂತ ಆತು? ಹುಡುಗ್ರು ಬೇರೆ ಕಡೆ ಕಲಿತ್ರು. ಕಲಿತ್ರಲ್ಲ, ಅಡ್ಡಿಲ್ಲ. ಆಯಿ ಕಣ್ಣಿಗೆ ತಡ ಮಾಡಿದ್ದು ಮಾತ್ರ ನಂಗೆ ಇವತ್ತಿಗೂ ಇಳೀಲಿಲ್ಲ ತಂಗಿ. ನಾನು ಹೇಳ್ದೆ ಅಂತ ನಂಬಬೇಡ. ಮನೆಗೆ ಹೋಗಿ ನೀನೇ ನೋಡು. ನೋಡಿ, ಆಮೇಲೆ ಲ್ಯಾಪ್‌ಟಾಪು ಈಗ್ಲೇ ಬೇಕಾ ಅಂತ ನೀನೇ ಹೇಳು.”

ಮನೆಗೆ ಹೋಗಿ ನೋಡಿದೆ. ಅಪ್ಪ ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದ. ಮಡಿಲಲ್ಲಿದ್ದ ಕಣ್ಣಿಗಳ ಮೇಲೆ ಅವನ ಸೂಜಿ ಎಂದಿನಂತೆ ಓಡುತ್ತಿತ್ತು. ನಾನು ಸದ್ದಾಗದಂತೆ ಹೋಗಿ ಅವನ ಎಡಕ್ಕೆ, ಕೈ ಚಾಚಿದರೆ ತಾಗುವಷ್ಟು ಹತ್ತಿರ ನಿಂತೆ. ಅಪ್ಪ ತನ್ನಷ್ಟಕ್ಕೆ ಏನೋ ಗುನುಗುತ್ತ ಹೆಣೆಯುತ್ತಲೇ ಇದ್ದ. ಕೈ ಎತ್ತಿ ಆಡಿಸಿದೆ. ಅವನ ರೆಪ್ಪೆಯೂ ಅಲುಗಲಿಲ್ಲ. ನಾನು ಅವನ ಪಕ್ಕದಲ್ಲಿದ್ದೆ, ಆದರೆ ಅವನ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ. ಎಷ್ಟೋ ದಿನಗಳಿಂದ ಆ ಕಡೆಯಿಂದ ಬಂದು ಮಾತಾಡಿಸಿದಾಗೆಲ್ಲ ಅವನು ಬೆಚ್ಚುತ್ತಿದ್ದುದು, ಏನೋ ಯೋಚನೆಯಲ್ಲಿದ್ದಾನೆ ಎಂದು ನಾವು ನಗುತ್ತಿದ್ದುದು, ಎಲ್ಲ ಒಟ್ಟಿಗೇ ನೆನಪಾಯಿತು.

“ಅಪ್ಪಾ” ಎಂದೆ.

ಅವನು ಬೆಚ್ಚಿ, ಪೂರ್ತಿ ತಲೆ ತಿರುಗಿಸಿ ನೋಡಿದ. “ಯಾವಾಗ ಬಂದೆ?”

ನಾನು ಅಲ್ಲಿಯೇ ಕೂತು, ಲ್ಯಾಪ್‌ಟಾಪ್ ಈಗ ಬೇಡ, ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದೆ. ಅಪ್ಪ ಸಿಟ್ಟಾದ. ಹಾಗೆ ಅವನು ನನ್ನ ಮೇಲೆ ಸಿಟ್ಟಾದದ್ದು ಕಡಿಮೆ. “ನನ್ ಕಣ್ಣಿಗೆ ಎಂತ ಆಗದೆ? ನಿಂಗೆ ಯಾರು ಹೇಳ್ದೋರು? ಸಮುದ್ರದಲ್ಲಿ ನಾಲ್ಕೂ ದಿಕ್ಕು ಬಯಲು, ಅಲ್ಲಿ ಬದಿ ಎಂತದು, ಎದುರು ಎಂತದು!” ಎಂದು ಬಲೆಯನ್ನು ಪಕ್ಕಕ್ಕೆ ಹಾಕಿ ಎದ್ದು ಹೋದ. ಅಮ್ಮ ಒಳಗಿನಿಂದ ಬಂದವಳು ನನ್ನನ್ನೂ ಅವನು ಹೋದ ದಾರಿಯನ್ನೂ ನೋಡಿದಳು.

ನಾನು ಅಕ್ಕೋರಿಗೆ ಫೋನ್ ಮಾಡಿ ಹೇಳಿದೆ. ಅವರು, “ಆತು” ಎಂದಷ್ಟೇ ಹೇಳಿ ಫೋನ್ ಇಟ್ಟರು.

ಆ ಭಾನುವಾರ ಮಧ್ಯಾಹ್ನ ನೋಡಿದರೆ, ಹೆದ್ದಾರಿಯ ಕಡೆಯಿಂದ ಉದ್ದ ಕೊಡೆ ಹಿಡಿದುಕೊಂಡು, ಸೀರೆಯ ನೆರಿಗೆಯನ್ನು ಮಳೆನೀರಿನಿಂದ ಎತ್ತಿ ಹಿಡಿದು ಅಕ್ಕೋರು ಬರುತ್ತಿದ್ದರು. ಮಾವಳ್ಳಿಗೆ ಅವರು ಬಂದದ್ದು ಅದೇ ಮೊದಲು. ಅಮ್ಮ ಗಡಿಬಿಡಿಯಿಂದ ಚಾಪೆ ಹಾಸಿದಳು. ಅಕ್ಕೋರು ಕಷಾಯ ಕುಡಿದು, ಬಲೆಯ ಕಣ್ಣಿಯನ್ನು ಕೈಯಲ್ಲಿ ಹಿಡಿದು ನೋಡಿ, ಎಷ್ಟು ಚೆಂದ ಹೆಣೆಯುತ್ತೀರಿ ಎಂದು ಮೆಚ್ಚಿ, ಆಮೇಲೆ ತಮ್ಮ ಆಯಿಯ ಕತೆಯನ್ನು ಅಪ್ಪನಿಗೂ ಹೇಳಿದರು. ಅಪ್ಪ ತಲೆ ತಗ್ಗಿಸಿ ಕೂತಿದ್ದ.

“ನಂಗೆ ಒಂದು ಹೇಳಿ” ಎಂದರು ಅಕ್ಕೋರು. “ಅಳಿವೆಯಲ್ಲಿ ಬೋಟು ಒಳಗೆ ತರುವಾಗ ಎಡಬದಿ ದಿಬ್ಬ ನಿಮಗೆ ಕಾಣ್ತದ್ಯಾ?”

ಅಪ್ಪ ಬಲೆಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದ. “ಎಡಬದಿ ಜೊತೆಯಂವ ನಿಂತ್ಕಂತ. ಅಂವ ಹೇಳ್ತ” ಎಂದ, ಸಣ್ಣ ಧ್ವನಿಯಲ್ಲಿ.

“ಎಷ್ಟು ಸಮಯದಿಂದ?”

“ಹೋದ ವರ್ಷದಿಂದ.”

ಅಮ್ಮನ ಕೈ ಬಾಯಿಗೆ ಹೋಯಿತು.

“ಅಂವ ಒಂದಿನ ಬರ್ದಿದ್ರೆ? ನಿಮ್ಮನ್ನ ನಂಬಿ ಬೋಟಿನಲ್ಲಿ ಎಷ್ಟು ಜನ ಕೂತಿರ್ತ್ರು? ಅವ್ರ ಮನೇಲೂ ಇಂಥ ಮಕ್ಕಳಿರ್ತವಲ್ಲ” ಎಂದರು ಅಕ್ಕೋರು. ಧ್ವನಿ ಏರಿಸಲಿಲ್ಲ. ತಪ್ಪು ಕೀಲಿ ಒತ್ತಿದ ಹುಡುಗನಿಗೆ ಹೇಳುವಾಗಿನ ಧ್ವನಿಯಲ್ಲೇ ಹೇಳಿದರು.

ಅಪ್ಪ ಆಗ ಬಾಯಿ ಬಿಟ್ಟ. “ನಂಗೆ ಗೊತ್ತದೆ ಅಕ್ಕೋರೆ. ಕಣ್ಣು ಹೋತಾ ಅದೆ ಅಂತ ಗೊತ್ತದೆ. ಅದಕ್ಕೇ ಲ್ಯಾಪ್‌ಟಾಪು ಈಗ್ಲೇ ತೆಗೀವ ಅಂದದ್ದು. ಮುಂದಿನ ವರ್ಷ ಬೋಟಿಗೆ ಹೋಗೂಕೆ ಆತದೋ ಇಲ್ವೋ. ಕೈಯಲ್ಲಿ ಇದ್ದಾಗ ಕೂಸಿಗೆ ಒಂದು ತೆಗೆದ್ಕೊಟ್ರೆ ಓದ್ಕಂತದೆ ಅಂತ. ಡಾಕ್ಟ್ರ ಹತ್ರ ಹೋದ್ರೆ ಅದೂ ಖರ್ಚಾತದೆ. ಬೋಟೂ ಬಿಡು ಅಂತ್ರು.”

ಮುಂದಿನ ವರ್ಷದ ಮಾತು ಬೇಡ ಎಂದು ಅವನು ಹಟ ಹಿಡಿದು ಕೂತದ್ದು ಇದಕ್ಕೆ. ನನಗೆ ಅಳು ತಡೆಯಲಾಗಲಿಲ್ಲ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಕ್ಕೋರು ಮಾತ್ರ ಅಳಲಿಲ್ಲ. ಕೊಡೆಯನ್ನು ಹತ್ತಿರಕ್ಕೆ ಎಳೆದುಕೊಂಡು, “ಕೂಸು ಓದೂದು ನನಗೆ ಬಿಡಿ. ನನ್ನ ಮಾಳಿಗೆ ಮೇಲೆ ಕಂಪ್ಯೂಟರ್ ಅದೆ, ಸಂಜೆ ಯಾರೂ ಬರೂದಿಲ್ಲ. ಅದು ಬಂದು ಕೂತ್ಕಳ್ಳಿ. ನೀವು ನಾಳೆ ಬೆಳಿಗ್ಗೆ ಕುಮಟಾಕ್ಕೆ ಹೊರಡಿ. ನಾನು ಹೊನ್ನಾವರದಲ್ಲಿ ಬಸ್ಸು ಹತ್ತತೆ” ಎಂದರು.

ಕುಮಟಾದ ಕಣ್ಣಿನ ಆಸ್ಪತ್ರೆಯಲ್ಲಿ ಅಪ್ಪನನ್ನು ಬೋಗುಣಿಯಂಥ ಒಂದು ಯಂತ್ರದೆದುರು ಕೂರಿಸಿದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಕೈಗೆ ಒಂದು ಗುಂಡಿ ಕೊಟ್ಟು, ಬೆಳಕಿನ ಚುಕ್ಕೆ ಕಂಡಾಗೆಲ್ಲ ಒತ್ತಬೇಕೆಂದರು. ನಾನೂ ಅಕ್ಕೋರೂ ಹಿಂದೆ ನಿಂತಿದ್ದೆವು. ಅಪ್ಪ ಒತ್ತಿದ, ಒತ್ತಿದ, ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತ. ಕೊನೆಗೆ ಯಂತ್ರ ನಡೆಸುತ್ತಿದ್ದ ಹುಡುಗಿಯನ್ನು ಕೇಳಿದ, “ಬೆಳಕೇ ಬತ್ತಾ ಇಲ್ಲ. ಮಿಷನ್ ಹಾಳಾಗದ್ಯಾ, ತಂಗಿ?”

ಆಕೆ ನಮ್ಮ ಕಡೆ ನೋಡಿದಳು. ಚುಕ್ಕೆಗಳು ಬರುತ್ತಲೇ ಇದ್ದವು. ಅಕ್ಕೋರು ಥಟ್ಟನೆ ಹೊರಗೆ ಹೋದರು. ನಾನು ಹಿಂದೆಯೇ ಹೋದೆ. ಅವರು ಕಾರಿಡಾರಿನ ಕಿಟಕಿಗೆ ಮುಖ ಮಾಡಿ ನಿಂತಿದ್ದರು. ಅವರ ಬೆನ್ನು ಅಲುಗುತ್ತಿತ್ತು. ನಾನು ಹತ್ತಿರ ಹೋಗಿ ನಿಂತೆ. ಅವರು ತಿರುಗದೆಯೇ, “ಆಯಿಯೂ ಹಿಂಗೇ ಕೇಳಿತ್ತು” ಎಂದರು.

ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಎಡಗಣ್ಣಿನ ದೃಷ್ಟಿ ಬಹುಪಾಲು ಹೋಗಿದೆ, ಅದು ತಿರುಗಿ ಬರುವುದಿಲ್ಲ. ಬಲಗಣ್ಣಿಗೂ ಶುರುವಾಗಿದೆ, ಆದರೆ ಅದನ್ನು ಉಳಿಸಬಹುದು. ಒಂದು ಆಪರೇಷನ್ ಬೇಕು. ಆಮೇಲೆ ಬದುಕಿರುವವರೆಗೆ ದಿನಾ ಹನಿ ಬಿಡಬೇಕು. ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ಮಾಡುವುದಕ್ಕೆ ಏನೂ ಇರುತ್ತಿರಲಿಲ್ಲ. ಬೋಟಿನ ಚುಕ್ಕಾಣಿ ಮಾತ್ರ ಇನ್ನು ಮುಟ್ಟಕೂಡದು.

ಬೋಟಿನ ಮಾತಿಗೆ ಅಪ್ಪ ತಲೆಯಾಡಿಸಿದ, ಅಷ್ಟೆ. ಲ್ಯಾಪ್‌ಟಾಪಿಗೆಂದು ಇಟ್ಟ ದುಡ್ಡಿನಲ್ಲಿ ಆಪರೇಷನ್ ಆಗಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಾಸಿಗೆಯಲ್ಲಿ ಮಲಗಿದ್ದಾಗ ಅವನ ಮೊದಲ ಮಾತು, “ಅಕ್ಕೋರು ಇಲ್ಲೇ ಅದಾರಾ? ಕೂಸಿಗೆ ಲ್ಯಾಪ್‌ಟಾಪಿಂದು ಎಂತ ಮಾಡೂದು?” ಅಕ್ಕೋರು ಸಿಟ್ಟಿನಿಂದ, “ಮೊದ್ಲು ಕಣ್ಣು ಬಿಡಿ ಮಾರಾಯ್ರೆ, ಬಣ್ಣ ನೋಡಿ ತೆಗಿಬೇಕಲ್ಲ” ಎಂದರು. ಪಕ್ಕದ ಹಾಸಿಗೆಯವರೂ ನಕ್ಕುಬಿಟ್ಟರು.

ಆ ವರ್ಷ ನಾನು ಕಾಲೇಜು ಬಿಟ್ಟೊಡನೆ ಮಾಳಿಗೆ ಹತ್ತುತ್ತಿದ್ದೆ. ಅಕ್ಕೋರ ಕಂಪ್ಯೂಟರು ಹಳೆಯದು. ಗುಂಡಿ ಒತ್ತಿ, ಕೆಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಕಣ್ಣು ತೆರೆಯುತ್ತಿತ್ತು. ಅಕ್ಕೋರು ಡಬ್ಬಿಯಲ್ಲಿ ನನಗೆಂದೇ ಕಲಸಿದ ಅವಲಕ್ಕಿ ತರುತ್ತಿದ್ದರು. ನಾನು ಪ್ರೋಗ್ರಾಮ್ ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡುತ್ತ, “ಈ ಆವರಣ ಎಂತಕ್ಕೆ? ಇಲ್ಲಿ ಎಂತಕ್ಕೆ ಎರಡು ಸಲ ಅದೇ ಬರದ್ದೆ?” ಎಂದು ಕೇಳುತ್ತಿದ್ದರು. ಅವರಿಗೆ ಅರ್ಥವಾಗುವ ಹಾಗೆ ಹೇಳಲು ಹೋಗಿ ಎಷ್ಟೋ ಸಲ ನನಗೇ ಆಗ ಅರ್ಥವಾಗುತ್ತಿತ್ತು. ಕರೆಂಟು ಹೋದರೆ ರಜೆ ಇಲ್ಲ. ಟೈಪ್‌ರೈಟರಿನ ಹೊದಿಕೆ ತೆಗೆದು, “ಇದಕ್ಕೆ ಕರೆಂಟು ಬೇಡ, ಕೂತ್ಕ” ಎನ್ನುತ್ತಿದ್ದರು. ನಾನು ಕೀಲಿ ನೋಡಿದರೆ ಕರ್ಚೀಫು ತಂದು ನನ್ನ ಕೈಗಳ ಮೇಲೆ ಹಾಕಿಬಿಡುವರು. “ಹುಡುಕಬೇಡ. ಕೈಗೆ ಗೊತ್ತದೆ.” ಇದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು.

ಕಾಲೇಜಿನಲ್ಲಿ ಬೇಸರವಾಗಲಿಲ್ಲ ಎಂದರೆ ಸುಳ್ಳು. ಗೆಳತಿಯರು ಕ್ಯಾಂಟೀನಿನಲ್ಲಿ ಲ್ಯಾಪ್‌ಟಾಪ್ ತೆರೆದು ಒಟ್ಟಿಗೆ ಕೆಲಸ ಮಾಡುವಾಗ ನಾನು ಗಡಿಯಾರ ನೋಡಿಕೊಂಡು ಎದ್ದು ಹೊರಡಬೇಕಿತ್ತು. ಒಮ್ಮೆ ಹಾಗೆ ಮುಖ ಊದಿಸಿಕೊಂಡು ಬಂದಾಗ ಅಕ್ಕೋರು ಏನೂ ಕೇಳದೆ ನನ್ನ ಜಡೆಗೆ ತಮ್ಮ ತಲೆಯ ಅಬ್ಬಲಿಗೆಯಲ್ಲಿ ಅರ್ಧ ಮುರಿದು ಮುಡಿಸಿದರು.

ಅಪ್ಪ ಬೋಟು ಬಿಟ್ಟ ಮೊದಲ ತಿಂಗಳುಗಳು ಕಷ್ಟದವು. ಬೆಳಗಾದರೆ ಬಂದರಿನ ದಿಕ್ಕಿಗೆ ಮುಖ ಮಾಡಿ ಕೂರುತ್ತಿದ್ದ. ಆಮೇಲೆ ಬಲೆ ಹೆಣೆಯುವ, ರಿಪೇರಿ ಮಾಡುವ ಕೆಲಸವನ್ನೇ ಹಿಡಿದ. ಅವನ ಕೈಯ ಬಲೆ ಬೇಕೆಂದು ಭಟ್ಕಳದ ಬೋಟಿನವರೂ ಹುಡುಕಿಕೊಂಡು ಬರತೊಡಗಿದರು. ಎರಡನೇ ವರ್ಷದಲ್ಲಿ, ಕಣ್ಣು ತೋರಿಸಲು ಕುಮಟಾಕ್ಕೆ ಹೋದ ಒಂದು ದಿನ, ಆಸ್ಪತ್ರೆಯಿಂದ ಹೊರಗೆ ಬಂದವನೇ ಅಪ್ಪ, “ಅಂಗಡಿಗೆ ಹೋಗ್ವ” ಎಂದ. ಜೊತೆಗೆ ಅಕ್ಕೋರೂ ಇದ್ದರು. ಅವರನ್ನು ಅಪ್ಪನೇ ಕರೆಸಿಕೊಂಡಿದ್ದನೆಂದು ನನಗೆ ಆಮೇಲೆ ಗೊತ್ತಾಯಿತು.

ಅಂಗಡಿಯವನು ಲ್ಯಾಪ್‌ಟಾಪ್ ತೆರೆದಿಟ್ಟ. ಮೊದಲು ಅಕ್ಕೋರು ಮುಟ್ಟಬೇಕು ಎಂದ ಅಪ್ಪ. ಅಕ್ಕೋರು ಸೆರಗು ಸರಿಮಾಡಿಕೊಂಡು, ನಿಂತಲ್ಲಿಂದಲೇ ಬೆರಳುಗಳನ್ನು ಇಟ್ಟರು. ಕೀಲಿಗಳು ಸದ್ದೇ ಮಾಡಲಿಲ್ಲ. ಪರದೆಯ ಮೇಲೆ ಒಂದು ಸಾಲು ತುಂಬಿತು, ಒಂದೂ ತಪ್ಪಿಲ್ಲ.

“ಹೆಂಗದೆ ಅಕ್ಕೋರೆ?” ಎಂದ ಅಪ್ಪ.

“ಅಡ್ಡಿಲ್ಲ” ಎಂದರು. “ಭಾರೀ ಮೆತ್ತಗದೆ. ಸಿಟ್ಟು ಬಂದಾಗ ಇದಕ್ಕೆ ಹೊಡದ್ರೆ ಸಮಾಧಾನ ಆಗೂದಿಲ್ಲ, ಅಷ್ಟೆ.”

ಆ ಲ್ಯಾಪ್‌ಟಾಪಿನಲ್ಲೇ ನಾನು ಡಿಗ್ರಿ ಮುಗಿಸಿದೆ, ಮುಂದೆ ಓದಿದೆ. ಈಗ ಕುಮಟಾದ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಪಾಠ ಮಾಡುವಾಗ ಅರ್ಥವಾಗದ ಮುಖವೊಂದು ಕಂಡರೆ ಅಕ್ಕೋರು ಬೆಂಚಿನಲ್ಲಿ ಕೂತು, ಈ ಆವರಣ ಎಂತಕ್ಕೆ ಎಂದು ಕೇಳುತ್ತಿದ್ದಾರೆ ಎಂದುಕೊಳ್ಳುತ್ತೇನೆ. ಆಗ ಮಾತು ತಾನಾಗಿ ಸರಳವಾಗುತ್ತದೆ.

ಅಕ್ಕೋರಿಗೆ ಹೃದಯದ ತೊಂದರೆ ಶುರುವಾಗಿ ಮೆಟ್ಟಿಲು ಹತ್ತುವುದು ಆಗದಾಯಿತು. ಮಾಳಿಗೆ ಬಿಟ್ಟು ಹಿರೇಗುತ್ತಿಯ ತಮ್ಮನ ಮನೆಗೆ ಹೋದರು. ಕುಮಟಾದಿಂದ ಹತ್ತಿರವಾದ್ದರಿಂದ ರಜೆಯಲ್ಲಿ ಹೋಗಿ ಬರುತ್ತಿದ್ದೆ. ಅವರು ತಮ್ಮ ಎದೆನೋವಿನ ಮಾತನ್ನು ಆಡುತ್ತಲೇ ಇರಲಿಲ್ಲ. ನಾನು ಚಪ್ಪಲಿ ಬಿಡುವ ಮೊದಲೇ, “ಅಪ್ಪ ಹನಿ ಬಿಟ್ಕಂತ್ರಾ? ದಿನಾ? ತಪ್ಪಿಸೂದಿಲ್ಲ ಅಲ್ಲ?” ಎಂದು ಕೇಳುವರು. ಕೊನೆಯ ಸಲ ಹೋದಾಗ ಮಲಗಿಯೇ ಇದ್ದರು. ಮಾತು ಸಣ್ಣಗಾಗಿತ್ತು. ಬಹಳ ಹೊತ್ತು ನನ್ನ ಮುಖವನ್ನೇ ನೋಡಿ, “ನೀ ಚೆಂದ ಆಗಿದ್ದೆ” ಎಂದರು. ನಾನು ಹೊರಡಲು ಎದ್ದಾಗ, “ಇನ್ನೊಂದ್ ಚೂರು ಕೂತ್ಕ” ಎಂದು ಕೈ ಹಿಡಿದುಕೊಂಡರು. ಬಸ್ಸು ತಪ್ಪಿಸಿಕೊಂಡು ಕೂತೆ. ಇವತ್ತಿಗೂ ಅದೊಂದು ನನ್ನ ಸಮಾಧಾನ.

ಅವರು ಹೋದ ಸುದ್ದಿ ಬಂದದ್ದು ಕಳೆದ ಶ್ರಾವಣದ ಒಂದು ಬೆಳಿಗ್ಗೆ. ಅಪ್ಪನೂ ಅಮ್ಮನೂ ಮಾವಳ್ಳಿಯಿಂದ ನೇರ ಹಿರೇಗುತ್ತಿಗೆ ಬಂದರು. ಅಂಗಳದಲ್ಲಿ ಅಕ್ಕೋರ ಹಳೆಯ ವಿದ್ಯಾರ್ಥಿಗಳು ತುಂಬಿದ್ದರು. ತಲೆ ನೆರೆತ ಗುಮಾಸ್ತರು, ಬ್ಯಾಂಕಿನವರು, ಮೊಮ್ಮಕ್ಕಳನ್ನು ಕರೆತಂದ ಹೆಂಗಸರು. ಅಪ್ಪ ಯಾರ ಸಹಾಯವೂ ಇಲ್ಲದೆ ಅವರ ನಡುವೆ ದಾರಿ ಮಾಡಿಕೊಂಡು ಹೋಗಿ ಅಕ್ಕೋರ ಕಾಲ ಬಳಿ ನಿಂತ. ತಲೆಯನ್ನು ನಿಧಾನಕ್ಕೆ ಆಚೆ ಈಚೆ ತಿರುಗಿಸುತ್ತ, ಪಾದದಿಂದ ಮುಖದವರೆಗೆ, ಮುಖದಿಂದ ಪಾದದವರೆಗೆ, ಒಂದು ಚೂರೂ ಬಿಟ್ಟುಹೋಗದಂತೆ ನೋಡಿದ. ಆಮೇಲೆ ಕೈ ಮುಗಿದು ಹಿಂದೆ ಸರಿದ.

ನಾನೂ ಅಪ್ಪ ಅಮ್ಮನ ಜೊತೆ ಮಾವಳ್ಳಿಗೆ ಬಂದೆ. ಅಪ್ಪ ಮನೆಗೆ ಬಂದು, ಕಾಲು ತೊಳೆದು, ಜಗಲಿಯಲ್ಲಿ ಗೋಡೆಗೆ ಒರಗಿ ಕೂತ. ಸಂಜೆಯ ಹನಿ ಬಿಡುವ ಹೊತ್ತಾಗಿತ್ತು. ಅಮ್ಮ ಒಳಗಿನಿಂದ ಔಷಧದ ಶೀಶೆ ತಂದು, “ತಲೆ ಎತ್ತಿ” ಎಂದಳು. ಅಪ್ಪ ತಲೆ ಎತ್ತಿದ. ಎರಡೂ ಕಣ್ಣು ತುಂಬಿಕೊಂಡು ಕೆನ್ನೆಗೆ ಇಳಿಯುತ್ತಿತ್ತು. ಅಮ್ಮ ಎತ್ತಿದ ಕೈಯನ್ನು ಕೆಳಗಿಳಿಸಿದಳು.

“ಈಗ ಬಿಟ್ರೆ ನಿಲ್ಲೂದಿಲ್ಲ” ಎಂದಳು ಮೆಲ್ಲಗೆ. ಶೀಶೆಯನ್ನು ಕೈಯಲ್ಲಿ ಹಿಡಿದುಕೊಂಡು, ಅವನ ಪಕ್ಕದಲ್ಲೇ ಕೂತು ಕಾದಳು.